ರೋಧವಿಲ್ಲದ ತಂತಿ, ಮೀಟರ್ ಇಲ್ಲದ ಪಂಪ್‌ಸೆಟ್

ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟಗಳು ಉಳಿದುಕೊಂಡಿರುವುದು ಎರಡರ ಬಲದಿಂದ. ಒಂದು, ನೆಲದಾಳದ ನೀರು. ಇನ್ನೊಂದು, ಆ ನೀರನ್ನು ಮೇಲೆತ್ತುವ ವಿದ್ಯುತ್ತು. ಹಾಸನ ಜಿಲ್ಲೆಗೇ ಸೇರಿದ್ದರೂ ಸಕಲೇಶಪುರದ ಮಳೆ ಈ ತಾಲ್ಲೂಕಿನ ಪಾಲಿಗಿಲ್ಲ. ಇದು ಅಪ್ಪಟ ಬಯಲುಸೀಮೆ. ಕೆರೆಗಳು ಬತ್ತಿದಷ್ಟೂ ಕೊಳವೆ ಬಾವಿಗಳು ಆಳಕ್ಕಿಳಿದಿವೆ; ಬಾವಿ ಆಳಕ್ಕಿಳಿದಷ್ಟೂ ಮೋಟಾರಿನ ಅಶ್ವಶಕ್ತಿ ಏರಿದೆ. ಕೊಬ್ಬರಿಯ ಧಾರಣೆ ಏರಲಿ ಇಳಿಯಲಿ, ಬೇಸಿಗೆಯಲ್ಲಿ ಮರಕ್ಕೆ ನೀರು ಬೇಕು; ನೀರಿಗೆ ಕರೆಂಟು ಬೇಕು.

ಆ ಕರೆಂಟು ದೂರದಿಂದ ಬರುತ್ತದೆ. ಜಲವಿದ್ಯುತ್ ಸ್ಥಾವರದಿಂದಲೋ ಶಾಖೋತ್ಪನ್ನ ಕೇಂದ್ರದಿಂದಲೋ ಸೌರ ಪಾರ್ಕಿನಿಂದಲೋ ಹೊರಟು, ಎತ್ತರದ ಗೋಪುರಗಳ ಮೇಲೆ ಸಾಗಿ, ಉಪಕೇಂದ್ರಗಳಲ್ಲಿ ವೋಲ್ಟೇಜ್ ಇಳಿಸಿಕೊಂಡು, ಹಳ್ಳಿಯ ಟಿ.ಸಿ.ಗೆ ಬಂದು, ಅಲ್ಲಿಂದ ಕಂಬದಿಂದ ಕಂಬಕ್ಕೆ ಜೋತುಬಿದ್ದ ತಂತಿಯಲ್ಲಿ ತೋಟವನ್ನು ತಲುಪುತ್ತದೆ. ಹೊರಟಷ್ಟು ವಿದ್ಯುತ್ತು ತಲುಪುವುದಿಲ್ಲ. ತಂತಿಯ ಲೋಹ ವಿದ್ಯುತ್ ಪ್ರವಾಹಕ್ಕೆ ಒಡ್ಡುವ ತಡೆಯಿಂದಾಗಿ ಅದರ ಒಂದು ಪಾಲು ದಾರಿಯಲ್ಲೇ ಶಾಖವಾಗಿ ಆರಿಹೋಗುತ್ತದೆ. ಈ ತಡೆಗೆ ವಿಜ್ಞಾನದಲ್ಲಿ ರೋಧ ಎಂದು ಹೆಸರು. ರೋಧವೇ ಇಲ್ಲದ ತಂತಿಯೊಂದು ಸಿಕ್ಕರೆ? ಅದೂ ನಮ್ಮ ಬಿಸಿಲಿನಲ್ಲಿ, ನಮ್ಮ ಕಂಬಗಳ ಮೇಲೆ, ಯಾವ ಶೈತ್ಯೀಕರಣದ ಹಂಗೂ ಇಲ್ಲದೆ ಕೆಲಸ ಮಾಡುವ ತಂತಿ ಸಿಕ್ಕರೆ?

ಈ ಪ್ರಶ್ನೆಗೆ ಉತ್ತರ ದೊರಕಿತೆಂಬ ಘೋಷಣೆ ಕಳೆದ ಕೆಲವು ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ. ಆ ಭರವಸೆ ಎಷ್ಟರಮಟ್ಟಿಗೆ ನಿಜ, ಅದು ಕೈಗೂಡಿದರೆ ಅರಸೀಕೆರೆಯಂಥ ತಾಲ್ಲೂಕಿಗೆ ದಕ್ಕುವುದೇನು ಎಂಬುದನ್ನು ಶಾಂತವಾಗಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಪಾದರಸದಿಂದ ಪಿಂಗಾಣಿಯವರೆಗೆ

ಅತಿವಾಹಕತೆ, ಅಂದರೆ ಸೂಪರ್ ಕಂಡಕ್ಟಿವಿಟಿ, ಕಲ್ಪನೆಯ ವಿಷಯವಲ್ಲ. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಹೈಕ್ ಕಾಮರ್‌ಲಿಂಗ್ ಓನ್ಸ್ ಎಂಬ ವಿಜ್ಞಾನಿ ಪಾದರಸವನ್ನು ದ್ರವ ಹೀಲಿಯಂನಲ್ಲಿ ತಂಪುಗೊಳಿಸುತ್ತಾ ಹೋದಾಗ, ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದರ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. 1933ರಲ್ಲಿ ಜರ್ಮನಿಯ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಇನ್ನೊಂದು ಲಕ್ಷಣವನ್ನು ಕಂಡುಕೊಂಡರು: ಅತಿವಾಹಕವಾದ ವಸ್ತು ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರದೂಡುತ್ತದೆ. ಅಂದಿನಿಂದ ಒಂದು ವಸ್ತು ಅತಿವಾಹಕ ಎನ್ನಬೇಕಾದರೆ ಈ ಎರಡೂ ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಬೇಕು: ರೋಧ ಶೂನ್ಯವಾಗಬೇಕು, ಕಾಂತಕ್ಷೇತ್ರ ಹೊರಬೀಳಬೇಕು. ಇದು ಏಕೆ ಹೀಗಾಗುತ್ತದೆ ಎಂಬುದಕ್ಕೆ ತೃಪ್ತಿಕರ ವಿವರಣೆ ಬಂದದ್ದು 1957ರಲ್ಲಿ, ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಅವರಿಂದ. ತೀರ ತಣ್ಣಗಿನ ಲೋಹದಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ, ಒಂದೇ ಲಯದಲ್ಲಿ ಸಾಗುತ್ತವೆ. ಬಿಡಿ ಎಲೆಕ್ಟ್ರಾನಿನಂತೆ ಅಲ್ಲಲ್ಲಿ ಢಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುವುದಿಲ್ಲ. ಉಷ್ಣತೆ ಏರಿದರೆ ಆ ಜೋಡಿಗಳು ಒಡೆಯುತ್ತವೆ. ಸಾಮಾನ್ಯ ತಾಪಮಾನದಲ್ಲೂ ಒಡೆಯದಷ್ಟು ಗಟ್ಟಿಯಾದ ಜೋಡಿ ಯಾವ ವಸ್ತುವಿನಲ್ಲಿ ಸಾಧ್ಯ ಎಂಬುದೇ ಇಂದಿನ ಹುಡುಕಾಟ.

1986ರಲ್ಲಿ ಈ ಹುಡುಕಾಟಕ್ಕೆ ಅನಿರೀಕ್ಷಿತ ತಿರುವು ಸಿಕ್ಕಿತು. ಜ್ಯೂರಿಕ್ಕಿನ ಬೆಡ್‌ನೋರ್ಜ್ ಮತ್ತು ಮುಲ್ಲರ್ ಲೋಹಗಳನ್ನು ಬಿಟ್ಟು, ಲ್ಯಾಂಥನಮ್, ಬೇರಿಯಮ್, ತಾಮ್ರ ಮತ್ತು ಆಮ್ಲಜನಕ ಬೆರೆತ ಪಿಂಗಾಣಿಯಂಥ ವಸ್ತುವಿನಲ್ಲಿ ಅತಿವಾಹಕತೆಯನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಅದೇ 1987ರ ಆರಂಭದಲ್ಲಿ, ಅಮೆರಿಕದ ಸಂಶೋಧಕರು ಲ್ಯಾಂಥನಮ್ ಬದಲಿಗೆ ಇಟ್ರಿಯಮ್ ಬೆರೆಸಿ ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗಿನವರೆಗೆ ಬಂದರು. ಇದರ ಆರ್ಥಿಕ ಮಹತ್ವ ದೊಡ್ಡದು. ಏಕೆಂದರೆ ದ್ರವ ಸಾರಜನಕದ ತಾಪಮಾನ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಹೀಲಿಯಂ ದುಬಾರಿ, ಭಾರತ ಬಹುತೇಕ ಆಮದು ಮಾಡಿಕೊಳ್ಳುವ ಅನಿಲ. ಸಾರಜನಕವಾದರೋ ಗಾಳಿಯಿಂದಲೇ ದೊರೆಯುವಂಥದು.

ಆ ದಿನಗಳಲ್ಲಿ ಬೆಂಗಳೂರು ಈ ಸ್ಪರ್ಧೆಯ ಹೊರಗೇನೂ ಇರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರು 1976ರಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನ ವಿಭಾಗವನ್ನು ಕಟ್ಟಿದ್ದರು. ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡುಗಳ ರಚನೆಯನ್ನು ಅವರ ತಂಡ 1986ಕ್ಕೆ ಮೊದಲೇ ಅಭ್ಯಸಿಸಿತ್ತು. ಆದ್ದರಿಂದಲೇ 1987ರಲ್ಲಿ ಹೊಸ ಸುದ್ದಿ ಬಂದಾಗ ಇಲ್ಲಿನವರು ಇಟ್ರಿಯಮ್ ಸಂಯುಕ್ತವನ್ನು ತಾವೇ ತಯಾರಿಸಿ, ಅಳೆದು, ಫಲಿತಾಂಶ ಪ್ರಕಟಿಸುವುದು ಸಾಧ್ಯವಾಯಿತು. ಬೆನ್ನಲ್ಲೇ ಕೇಂದ್ರ ಸರ್ಕಾರ ಅತಿವಾಹಕತೆಗಾಗಿಯೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ರೂಪಿಸಿತು. 1987ರ ಸಂಶೋಧನೆ ನಿಂತು ಉಳಿದುದಕ್ಕೆ ಒಂದು ಸರಳ ಕಾರಣವಿದೆ. ವಸ್ತುವಿನ ಪಾಕ ಗೊತ್ತಾದ ಕೆಲವೇ ವಾರಗಳಲ್ಲಿ ಜಗತ್ತಿನ ಹತ್ತಾರು ಪ್ರಯೋಗಾಲಯಗಳು ಅದನ್ನು ತಯಾರಿಸಿದವು. ಎಲ್ಲರಿಗೂ ಅದೇ ಉತ್ತರ ಬಂತು. ನಂಬಿ ಎಂದು ಯಾರೂ ಯಾರನ್ನೂ ಬೇಡಿಕೊಳ್ಳಬೇಕಾಗಿ ಬರಲಿಲ್ಲ.

ಬೆಂಗಳೂರಿನ 2018

ಮೂರು ದಶಕಗಳ ಅನಂತರ ಅದೇ ವಿಭಾಗದಿಂದ ಇನ್ನೊಂದು ಸುದ್ದಿ ಹೊರಬಿತ್ತು. 2018ರ ಜುಲೈನಲ್ಲಿ ಅಂಶು ಪಾಂಡೆ ಮತ್ತು ದೇವ್ ಕುಮಾರ್ ಥಾಪಾ ಎಂಬ ಇಬ್ಬರು ಸಂಶೋಧಕರು, ವಿಜ್ಞಾನ ಪತ್ರಿಕೆಯ ಪರಿಶೀಲನೆಗೆ ಮುಂಚೆಯೇ ಲೇಖನಗಳನ್ನು ಬಹಿರಂಗಪಡಿಸುವ ಅಂತರಜಾಲ ಭಂಡಾರದಲ್ಲಿ ತಮ್ಮ ವರದಿಯನ್ನು ಇಟ್ಟರು. ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ವಸ್ತುವಿನಲ್ಲಿ, ಸಾಮಾನ್ಯ ಒತ್ತಡದಲ್ಲೇ, ಸೊನ್ನೆಗಿಂತ 37 ಡಿಗ್ರಿ ಕೆಳಗಿನ ತಾಪಮಾನದಲ್ಲಿ ಅತಿವಾಹಕತೆಯ ಕುರುಹು ಕಂಡಿದೆ ಎಂಬುದು ಅವರ ಹೇಳಿಕೆ. ಚಿನ್ನವಾಗಲಿ ಬೆಳ್ಳಿಯಾಗಲಿ ತಾವಾಗಿ ಅತಿವಾಹಕಗಳೆಂದು ಹೆಸರಾದ ಲೋಹಗಳಲ್ಲ. ಆದ್ದರಿಂದ ಅಚ್ಚರಿ ಇಮ್ಮಡಿಯಾಯಿತು.

ಅಚ್ಚರಿಯ ಹಿಂದೆಯೇ ಅನುಮಾನವೂ ಬಂತು. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ವರದಿಯ ನಕ್ಷೆಯೊಂದನ್ನು ಹಿಗ್ಗಿಸಿ ನೋಡಿದರು. ಯಾವುದೇ ಸೂಕ್ಷ್ಮ ಅಳತೆಯಲ್ಲಿ ಒಂದಿಷ್ಟು ಏರಿಳಿತ ತನ್ನಿಂದ ತಾನೇ ಇರುತ್ತದೆ. ಉಪಕರಣದ ಕಂಪನ, ಸುತ್ತಲಿನ ಗದ್ದಲ ಇವೆಲ್ಲದರ ಫಲ ಅದು. ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಆದರೆ ಇಲ್ಲಿ ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಮಾಡಿದ ಎರಡು ಅಳತೆಗಳ ಏರಿಳಿತಗಳು ಚುಕ್ಕಿಗೆ ಚುಕ್ಕಿ ಹೊಂದುತ್ತಿದ್ದವು. ಇದು ಹೇಗೆ ಎಂಬ ಪ್ರಶ್ನೆ ಜಗತ್ತಿನಾದ್ಯಂತ ಎದ್ದಿತು. ಸ್ವತಂತ್ರ ತಜ್ಞರಿಂದ ಪರಿಶೀಲನೆ ನಡೆಯುತ್ತಿದೆ ಎಂಬ ಉತ್ತರ ಬಂತು. 2019ರ ಮೇ ತಿಂಗಳಲ್ಲಿ ಹತ್ತು ಮಂದಿ ಲೇಖಕರ ಹೆಸರಿನಲ್ಲಿ ಪರಿಷ್ಕೃತ ವರದಿ ಪ್ರಕಟವಾಯಿತು. ಅದರಲ್ಲಿ ಹೇಳಿದ ತಾಪಮಾನ ಇನ್ನೂ ಮೇಲೇರಿ 13 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು.

ಇಲ್ಲಿ ನ್ಯಾಯವಾಗಿ ಮಾತನಾಡುವುದು ಅಗತ್ಯ. ಹೊಂದಿಕೆಯಾಗುವ ಚುಕ್ಕಿಗಳು ಮೋಸಕ್ಕೆ ಪುರಾವೆಯಲ್ಲ; ವಿವರಣೆ ಬೇಕಾದ ಸಂಗತಿ ಮಾತ್ರ. ಪರಿಷ್ಕೃತ ವರದಿಯಲ್ಲಿ ಹೆಚ್ಚು ಅಳತೆಗಳೂ ಹೆಚ್ಚು ಪ್ರಯೋಗಾಲಯಗಳ ಸಹಭಾಗಿತ್ವವೂ ಇದ್ದವು. ಚಿನ್ನದೊಳಗಿನ ಬೆಳ್ಳಿ ಕಣಗಳ ಬಗ್ಗೆ ಸಂಸ್ಥೆಯ ಭೌತವಿಜ್ಞಾನಿಗಳು ಮುಂದಿನ ವರ್ಷಗಳಲ್ಲಿ ಮಾಡಿದ ಕೆಲಸ, ಅಲ್ಲಿ ಎಲೆಕ್ಟ್ರಾನುಗಳಿಗೂ ಪರಮಾಣುಗಳ ಕಂಪನಕ್ಕೂ ನಡುವಿನ ನಂಟು ಅಸಾಧಾರಣವಾಗಿ ಬಲಗೊಳ್ಳುತ್ತದೆ ಎಂಬ ಸ್ವಾರಸ್ಯಕರ ಸಂಗತಿಯನ್ನು ತೋರಿಸಿದೆ. ಆದರೆ ಮೂಲ ಹೇಳಿಕೆ, ಅಂದರೆ ಸಾಮಾನ್ಯ ತಾಪಮಾನದ ಅತಿವಾಹಕತೆ, ಬೇರೆಡೆಯ ಸ್ವತಂತ್ರ ಪ್ರಯೋಗಾಲಯಗಳಿಂದ ದೃಢಪಟ್ಟಿಲ್ಲ. 1987ಕ್ಕೂ 2018ಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅಂದು ಎಲ್ಲರ ಒಲೆಯಲ್ಲೂ ಬೆಂದ ಪಾಕ ಇಂದು ಒಂದೇ ಒಲೆಯ ಸುದ್ದಿಯಾಗಿ ಉಳಿಯಿತು.

ಬೆಂಗಳೂರಿನ ಪ್ರಸಂಗವನ್ನು ಮುಂದಿಟ್ಟುಕೊಂಡು ನಮ್ಮವರನ್ನು ಹಳಿಯುವವರು ಉಳಿದ ಜಗತ್ತನ್ನೂ ನೋಡಬೇಕು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ರಂಗ ಡಯಾಸ್ ತಂಡ 2020ರಲ್ಲಿ ಪ್ರತಿಷ್ಠಿತ 'ನೇಚರ್' ಪತ್ರಿಕೆಯಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಅತಿವಾಹಕವನ್ನು ಪ್ರಕಟಿಸಿತು. ಅದಕ್ಕೆ ವಾಯುಮಂಡಲದ ಒತ್ತಡದ ಸುಮಾರು 26 ಲಕ್ಷ ಪಟ್ಟು ಒತ್ತಡ ಬೇಕಿತ್ತು. 2022ರಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. 2023ರ ಮಾರ್ಚ್‌ನಲ್ಲಿ ಅದೇ ತಂಡ ಸುಮಾರು ಹತ್ತು ಸಾವಿರ ಪಟ್ಟು ಒತ್ತಡದಲ್ಲೇ 21 ಡಿಗ್ರಿ ಸೆಲ್ಸಿಯಸ್‌ನ ಅತಿವಾಹಕ ಸಿಕ್ಕಿತೆಂದಿತು. ನವೆಂಬರ್ ಹೊತ್ತಿಗೆ ಅದೂ ವಾಪಸಾಯಿತು. ವಿಶ್ವವಿದ್ಯಾಲಯದ ತನಿಖೆ ಸಂಶೋಧನಾ ದುರ್ನಡತೆಯನ್ನು ಗುರುತಿಸಿತು. ಅದೇ 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಸೀಸ, ತಾಮ್ರ, ರಂಜಕಗಳಿಂದಾದ 'ಎಲ್‌ಕೆ-99' ಎಂಬ ವಸ್ತುವನ್ನು ಪರಿಚಯಿಸಿದರು. ಅದರ ಪಾಕ ಬಹಿರಂಗವಾಗಿತ್ತು, ಕಚ್ಚಾ ಪದಾರ್ಥಗಳು ಅಗ್ಗವಾಗಿದ್ದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಅನೇಕರು ಅದನ್ನು ತಯಾರಿಸಿ ನೋಡಿದರು. ಅತಿವಾಹಕತೆ ಸಿಗಲಿಲ್ಲ. ಕೆಲವೇ ವಾರಗಳಲ್ಲಿ ಪ್ರಕರಣ ಮುಗಿಯಿತು. ತಪ್ಪಾದರೂ ಬೇಗ ತೀರ್ಮಾನವಾದ ತಪ್ಪು ಅದು. ಪಾಕವನ್ನು ಮುಚ್ಚಿಡದಿದ್ದುದರ ಲಾಭ.

ಹಾಗಾದರೆ ಆಸೆ ಬಿಡಬೇಕೆ?

ಬಿಡಬೇಕಾಗಿಲ್ಲ. ಸಾಮಾನ್ಯ ತಾಪಮಾನದಲ್ಲಿ ಅತಿವಾಹಕತೆ ಅಸಾಧ್ಯ ಎನ್ನುವ ಯಾವ ನಿಸರ್ಗ ನಿಯಮವೂ ತಿಳಿದುಬಂದಿಲ್ಲ. ಅದಕ್ಕೆ ಪೂರಕವಾದ ಗಟ್ಟಿ ಪುರಾವೆಗಳೂ ಇವೆ. 2015ರಲ್ಲಿ ಜರ್ಮನಿಯ ಮೈನ್ಸ್ ನಗರದ ಮಿಖಾಯಿಲ್ ಎರೆಮೆಟ್ಸ್ ತಂಡ, ಗಂಧಕ ಮತ್ತು ಜಲಜನಕದ ಸಂಯುಕ್ತದಲ್ಲಿ ಸೊನ್ನೆಗಿಂತ 70 ಡಿಗ್ರಿ ಕೆಳಗೆ ಅತಿವಾಹಕತೆಯನ್ನು ತೋರಿಸಿತು. 2018-19ರಲ್ಲಿ ಲ್ಯಾಂಥನಮ್ ಮತ್ತು ಜಲಜನಕದ ಸಂಯುಕ್ತ ಸೊನ್ನೆಗಿಂತ ಸುಮಾರು 23 ಡಿಗ್ರಿ ಕೆಳಗಿನವರೆಗೆ ಬಂತು. ಅದು ನಮ್ಮ ಮನೆಯ ಫ್ರೀಜರಿನ ತಂಪಿಗೆ ತೀರ ಹತ್ತಿರ. ಇವೆರಡನ್ನೂ ಬೇರೆ ತಂಡಗಳು ಸಮರ್ಥಿಸಿವೆ. ಆದರೆ ಎರಡಕ್ಕೂ ವಾಯುಮಂಡಲದ ಒತ್ತಡದ ಹದಿನೈದು ಲಕ್ಷ ಪಟ್ಟೋ ಅದಕ್ಕಿಂತ ಹೆಚ್ಚೋ ಒತ್ತಡ ಬೇಕು. ಎರಡು ವಜ್ರದ ತುದಿಗಳ ನಡುವೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರಿನ ಮೇಲೆ ಮಾತ್ರ ಅಂಥ ಒತ್ತಡ ಹೇರಬಹುದು. ಅದನ್ನು ಕಂಬಕ್ಕೆ ಕಟ್ಟಲಾಗದು.

ಸಾಮಾನ್ಯ ಒತ್ತಡದ ಮಾತಾದರೆ, 1993ರಲ್ಲಿ ಪಾದರಸವನ್ನೊಳಗೊಂಡ ತಾಮ್ರದ ಆಕ್ಸೈಡಿನಲ್ಲಿ ಸೊನ್ನೆಗಿಂತ ಸುಮಾರು 138 ಡಿಗ್ರಿ ಕೆಳಗೆ ಅತಿವಾಹಕತೆ ಕಂಡಿತು. ಮುಂದಿನ ಮೂವತ್ತು ವರ್ಷಗಳ ಶ್ರಮ ಆ ಗಡಿಯನ್ನು ಹೇಳಿಕೊಳ್ಳುವಷ್ಟು ಮೇಲಕ್ಕೆ ಸರಿಸಲಿಲ್ಲ. ಹೀಗಾಗಿ, ಎಂದೋ ಒಂದು ದಿನ ಸಾಧ್ಯವಾಗಬಹುದಾದ ಸಾಧನೆ ಎಂದು ಹೇಳುವುದು ಸರಿ. ಇನ್ನೈದು ವರ್ಷಗಳಲ್ಲಿ ಬಂದೇಬಿಡುತ್ತದೆ ಎಂದು ಹೇಳುವುದು ಸರಿಯಲ್ಲ.

ಬಂದರೂ, ಕಂಡುಹಿಡಿದ ದಿನದಿಂದ ಕಂಬಕ್ಕೇರುವ ದಿನದವರೆಗಿನ ದಾರಿ ದೀರ್ಘವಾದುದು. 1987ರ ಇಟ್ರಿಯಮ್ ಸಂಯುಕ್ತವೇ ಇದಕ್ಕೆ ಸಾಕ್ಷಿ. ಅದು ಹೆಂಚಿನಂತೆ ಪೆಡಸು. ಎಳೆದು ತಂತಿ ಮಾಡಲು ಬಗ್ಗುವುದಿಲ್ಲ. ಲೋಹದ ಪಟ್ಟಿಯ ಮೇಲೆ ತೆಳು ಪದರವಾಗಿ ಅದನ್ನು ಬಳಿದು ಉದ್ದದ ಪಟ್ಟಿ ತಯಾರಿಸುವ ವಿದ್ಯೆ ಕೈಗೆ ಹತ್ತಲು ದಶಕಗಳೇ ಬೇಕಾದವು. 2008ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಸುಮಾರು 600 ಮೀಟರ್, 2014ರಲ್ಲಿ ಜರ್ಮನಿಯ ಎಸ್ಸೆನ್ ನಗರದಲ್ಲಿ ಒಂದು ಕಿಲೋಮೀಟರ್, 2021ರಲ್ಲಿ ಶಾಂಘೈನಲ್ಲಿ 1.2 ಕಿಲೋಮೀಟರ್ ಉದ್ದದ ಅತಿವಾಹಕ ಕೇಬಲ್‌ಗಳು ಕಾರ್ಯಾರಂಭ ಮಾಡಿದವು. ಇವುಗಳ ಉದ್ದವನ್ನು ಗಮನಿಸಿ. ಇವೆಲ್ಲ ನೆಲದ ಬೆಲೆ ಗಗನಕ್ಕೇರಿದ, ಹೊಸ ಉಪಕೇಂದ್ರಕ್ಕೆ ಜಾಗ ಸಿಗದ ನಗರಗಳವು. ಅಲ್ಲಿ ಉಳಿತಾಯವಾದದ್ದು ಮುಖ್ಯವಾಗಿ ಜಾಗ; ವಿದ್ಯುತ್ತಲ್ಲ. ಹೊಸ ತಂತ್ರಜ್ಞಾನ ಮೊದಲು ಹೋಗುವುದು ಅದಕ್ಕೆ ಅತಿ ಹೆಚ್ಚು ಬೆಲೆ ಕೊಡಬಲ್ಲವರ ಬಳಿಗೆ. ಅತಿವಾಹಕ ಕಾಂತಗಳು ಇಂದು ಆಸ್ಪತ್ರೆಯ ಎಂ.ಆರ್.ಐ. ಯಂತ್ರಗಳಲ್ಲಿ, ಜಿನೀವಾ ಬಳಿಯ ಕಣವೇಗವರ್ಧಕದಲ್ಲಿ ಇರುವುದೂ ಇದೇ ಕಾರಣಕ್ಕೆ. ಸಾಮಾನ್ಯ ತಾಪಮಾನದ ಅತಿವಾಹಕ ಸಿಕ್ಕಿದರೂ ಅದು ಮೊದಲು ಆಸ್ಪತ್ರೆಗೆ, ಗಣಕಕ್ಕೆ, ಮಹಾನಗರದ ನೆಲದಡಿಯ ಕೇಬಲ್ಲಿಗೆ ಹೋಗುತ್ತದೆ. ಅರಸೀಕೆರೆಯ ತೋಟದ ಸರದಿ ಕೊನೆಯದು.

ನಮ್ಮ ತಂತಿಯ ಲೆಕ್ಕ

ಆ ಸರದಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ತಂತಿಯಲ್ಲಿ ಆಗುವ ನಷ್ಟವನ್ನು ಇಳಿಸುವ ಉಪಾಯ ಈ ನಾಡಿಗೆ ಒಂದು ಶತಮಾನದಿಂದ ಗೊತ್ತಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೀರ್ಘವೆನಿಸಿದ ಮಾರ್ಗಗಳಲ್ಲಿ ಅದೂ ಒಂದು. ಅತಿವಾಹಕದ ಪವಾಡವೇನೂ ಅಲ್ಲಿರಲಿಲ್ಲ. ಮೈಸೂರು ಸಂಸ್ಥಾನದ ಎಂಜಿನಿಯರುಗಳು ಮಾಡಿದ್ದು ವೋಲ್ಟೇಜನ್ನು ಏರಿಸಿದ್ದು.

ಇದರ ಗಣಿತ ಶಾಲಾ ಮಕ್ಕಳಿಗೂ ಅರ್ಥವಾಗುವಂಥದು. ಒಂದೇ ಪ್ರಮಾಣದ ವಿದ್ಯುತ್ ಶಕ್ತಿಯನ್ನು ಸಾಗಿಸುವಾಗ ವೋಲ್ಟೇಜ್ ಹೆಚ್ಚಿದಷ್ಟೂ ಪ್ರವಾಹ ತಗ್ಗುತ್ತದೆ. ನಷ್ಟ ಪ್ರವಾಹದ ವರ್ಗಕ್ಕೆ ತಕ್ಕಂತೆ ತಗ್ಗುತ್ತದೆ. ಅಂದರೆ ಪ್ರವಾಹ ಅರ್ಧವಾದರೆ ನಷ್ಟ ಕಾಲು ಭಾಗ. ತೋಟದ ಪಂಪ್‌ಸೆಟ್ಟಿಗೆ ಹೋಗುವ ತಂತಿಯ ವೋಲ್ಟೇಜ್ 415. ಅದಕ್ಕೆ ಮುಂಚಿನ ಮಾರ್ಗದ್ದು 11,000. ಅದೇ ದಪ್ಪದ ತಂತಿಯಲ್ಲಿ, ಅಷ್ಟೇ ದೂರಕ್ಕೆ, ಅಷ್ಟೇ ಶಕ್ತಿಯನ್ನು 415ರ ಬದಲು 11,000 ವೋಲ್ಟ್‌ನಲ್ಲಿ ಸಾಗಿಸಿದರೆ ನಷ್ಟ ಸುಮಾರು 700ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ದೊಡ್ಡ ಟಿ.ಸಿ. ಒಂದನ್ನು ಇಟ್ಟು ಅಲ್ಲಿಂದ ಕಿಲೋಮೀಟರುಗಟ್ಟಲೆ ತೆಳು ತಂತಿ ಎಳೆಯುವ ಬದಲು, 11,000 ವೋಲ್ಟಿನ ಮಾರ್ಗವನ್ನೇ ತೋಟದ ಹತ್ತಿರಕ್ಕೆ ಒಯ್ದು ಸಣ್ಣ ಸಣ್ಣ ಟಿ.ಸಿ.ಗಳನ್ನು ಇಡಬೇಕೆಂದು ತಜ್ಞರು ಬಹುಕಾಲದಿಂದ ಹೇಳುತ್ತಿರುವುದು. ಮೋಟಾರಿನ ಬಳಿ ಸರಿಯಾದ ಕೆಪಾಸಿಟರ್ ಕೂರಿಸಿ ಪವರ್ ಫ್ಯಾಕ್ಟರನ್ನು 0.7ರಿಂದ 0.95ಕ್ಕೆ ಏರಿಸಿದರೆ ಅದೇ ಕೆಲಸಕ್ಕೆ ತಂತಿಯಲ್ಲಾಗುವ ನಷ್ಟ ಶೇ 45ರಷ್ಟು ಕಡಿಮೆಯಾಗುತ್ತದೆ. ಕೆಪಾಸಿಟರ್ ಕೊಳ್ಳಲು ನೊಬೆಲ್ ಪ್ರಶಸ್ತಿಯ ಅಗತ್ಯವಿಲ್ಲ.

ದೇಶದ ಅನುಭವವೂ ಇದನ್ನೇ ಹೇಳುತ್ತದೆ. ಈ ಶತಮಾನದ ಆರಂಭದಲ್ಲಿ ಭಾರತದ ವಿತರಣಾ ಸಂಸ್ಥೆಗಳ ಒಟ್ಟು ತಾಂತ್ರಿಕ ಮತ್ತು ವಾಣಿಜ್ಯ ನಷ್ಟ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಿತ್ತು. 2022-23ರ ಹೊತ್ತಿಗೆ ಅದು ಶೇ 15-16ರ ಆಸುಪಾಸಿಗೆ ಇಳಿದಿತ್ತು. ಈ ಇಳಿಕೆಯಲ್ಲಿ ಅತಿವಾಹಕದ ಪಾಲು ಸೊನ್ನೆ. ಹೊಸ ತಂತಿ, ಹೊಸ ಟ್ರಾನ್ಸ್‌ಫಾರ್ಮರ್, ಮೀಟರ್, ಕಳವಿನ ತಡೆ, ಬಿಲ್ ವಸೂಲಿ ಇಂಥ ಸಪ್ಪೆ ಕೆಲಸಗಳ ಫಲ ಅದು.

ಅಳೆಯದ ನಷ್ಟ

ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. 'ತಾಂತ್ರಿಕ ಮತ್ತು ವಾಣಿಜ್ಯ' ನಷ್ಟ ಎಂಬ ಜೋಡಿ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ತಂತಿ ಬಿಸಿಯಾಗಿ ಕಳೆದುಹೋದದ್ದು ಒಂದು. ಬಳಕೆಯಾಗಿಯೂ ಲೆಕ್ಕಕ್ಕೆ ಸಿಗದ್ದು, ಬಿಲ್ ಆಗಿಯೂ ಹಣ ಬಾರದ್ದು ಇನ್ನೊಂದು. ಮೊದಲನೆಯದನ್ನು ಅತಿವಾಹಕ ನೀಗಿಸಬಹುದು, ಅದೂ ಪೂರ್ತಿಯಾಗಿ ಅಲ್ಲ. ಪರ್ಯಾಯ ವಿದ್ಯುತ್ತಿನಲ್ಲಿ ಅತಿವಾಹಕಕ್ಕೂ ಅಲ್ಪ ನಷ್ಟವಿದೆ, ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳಿನಲ್ಲಾಗುವ ನಷ್ಟವಂತೂ ಹಾಗೆಯೇ ಉಳಿಯುತ್ತದೆ. ಎರಡನೆಯದನ್ನು ಯಾವ ಭೌತವಿಜ್ಞಾನಿಯೂ ನೀಗಿಸಲಾರ.

ಅರಸೀಕೆರೆಯಲ್ಲಿ ಇವೆರಡರ ಪಾಲು ಎಷ್ಟೆಷ್ಟು? ಪಂಪ್‌ಸೆಟ್ ಇರುವ ಯಾವ ತಾಲ್ಲೂಕಿನಲ್ಲೂ ಇದಕ್ಕೆ ಖಚಿತ ಉತ್ತರ ಕೊಡುವುದು ಕಷ್ಟ. ಕಾರಣ, ಪಂಪ್‌ಸೆಟ್‌ಗಳ ಬಳಕೆಯ ಬಹುಪಾಲನ್ನು ನಾವು ಅಳೆಯುವುದಿಲ್ಲ, ಅಂದಾಜು ಮಾಡುತ್ತೇವೆ. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ತು ಉಚಿತ. ಅದರ ವೆಚ್ಚವನ್ನು ರಾಜ್ಯ ಸರ್ಕಾರ ವಿತರಣಾ ಕಂಪನಿಗಳಿಗೆ ಸಹಾಯಧನವಾಗಿ ತುಂಬಿಕೊಡುತ್ತದೆ. ಮೀಟರ್ ಇಲ್ಲದೆ ಯಾರಿಗೂ ವಿದ್ಯುತ್ ಪೂರೈಸಕೂಡದೆಂದು 2003ರ ವಿದ್ಯುತ್ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗವೂ ಇದನ್ನು ಪದೇ ಪದೇ ನೆನಪಿಸಿದೆ. ಆದರೂ ಕೃಷಿ ಬಳಕೆಯ ದೊಡ್ಡ ಭಾಗ ಇಂದಿಗೂ ಮಾದರಿ ಫೀಡರುಗಳ ಆಧಾರದ ಮೇಲೆ ಮಾಡಿದ ಅಂದಾಜು.

ಅಂದಾಜಿನ ಅಪಾಯ ಏನೆಂದು ಆಡಳಿತದ ಕಡತ ಕಂಡವರಿಗೆಲ್ಲ ಗೊತ್ತು. ಫೀಡರಿಗೆ ಹೋದ ವಿದ್ಯುತ್ತಿನಲ್ಲಿ ಎಷ್ಟನ್ನು 'ಪಂಪ್‌ಸೆಟ್ ಬಳಕೆ' ಎಂದು ಬರೆದುಕೊಳ್ಳುತ್ತೇವೆಯೋ ಅಷ್ಟು ನಷ್ಟ ಕಾಗದದ ಮೇಲೆ ಕಡಿಮೆಯಾಗುತ್ತದೆ. ರೈತನ ಹೆಸರಿನ ಖಾತೆ ಹಿಗ್ಗುತ್ತದೆ. ಸಹಾಯಧನದ ಮೊತ್ತ ಹಿಗ್ಗುತ್ತದೆ. ತಂತಿ ಸುಟ್ಟ ವಿದ್ಯುತ್ತೂ ಕಳವಾದ ವಿದ್ಯುತ್ತೂ ರೈತ ಬಳಸಿದ್ದಾಗಿ ದಾಖಲಾಗುವ ಅವಕಾಶ ತೆರೆದಿರುತ್ತದೆ. ಯಾರೋ ಒಬ್ಬರು ಕೆಟ್ಟ ಉದ್ದೇಶದಿಂದ ಹೀಗೆ ಮಾಡಬೇಕಾಗಿಲ್ಲ. ಅಳತೆ ಇಲ್ಲದ ಕಡೆ ಲೆಕ್ಕ ತಾನಾಗಿಯೇ ಅನುಕೂಲದ ಕಡೆಗೆ ವಾಲುತ್ತದೆ. ಕೊನೆಗೆ 'ರೈತರಿಂದಲೇ ನಷ್ಟ' ಎಂಬ ಮಾತು ನಗರದ ಬಡಾವಣೆಗಳಲ್ಲಿ ಬೆಳೆಯುತ್ತದೆ. ವೋಲ್ಟೇಜ್ ಕುಸಿದು ಮೋಟಾರಿನ ಸುರುಳಿ ಸುಟ್ಟು, ರಿವೈಂಡಿಂಗ್ ಅಂಗಡಿಗೆ ಹಣ ತೆತ್ತ ರೈತನಿಗೆ ಈ ಮಾತನ್ನು ಅಲ್ಲಗಳೆಯಲು ಕೈಯಲ್ಲಿ ಒಂದು ಅಂಕಿಯೂ ಇರುವುದಿಲ್ಲ.

ಮೀಟರ್ ಎಂದೊಡನೆ ರೈತ ಸಂಘಟನೆಗಳು ವಿರೋಧಿಸುವುದಕ್ಕೆ ಕಾರಣವಿದೆ. ಇಂದು ಮೀಟರ್ ಬಂದರೆ ನಾಳೆ ಬಿಲ್ ಬರುತ್ತದೆ ಎಂಬುದು ಅವರ ಆತಂಕ. ಮಳೆಯಿಲ್ಲದ ವರ್ಷ ಸಾವಿರ ಅಡಿಯ ಬಾವಿಯಿಂದ ನೀರೆತ್ತುವ ತೆಂಗು ಬೆಳೆಗಾರನಿಗೆ ಆ ಬಿಲ್ ತಡೆದುಕೊಳ್ಳುವ ಶಕ್ತಿಯಿಲ್ಲ. ಈ ಆತಂಕವನ್ನು ಅಲಕ್ಷಿಸಿ ಯಾವ ಸುಧಾರಣೆಯೂ ಊರಲಾರದು. ಆದರೆ ಮೀಟರೂ ಸಹಾಯಧನವೂ ಪರಸ್ಪರ ವಿರೋಧಿಗಳಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ನಿಯಮಾನುಸಾರ ಉಚಿತ ವಿದ್ಯುತ್ತು ದೊರೆಯುತ್ತದೆ; ಪ್ರತಿ ಮನೆಗೂ ಮೀಟರ್ ಇದೆ. ಮನೆಯಲ್ಲಿ ಆಗುವುದು ತೋಟದಲ್ಲಿ ಏಕಾಗದು? ಮೊದಲ ಹೆಜ್ಜೆಯಾಗಿ ಪ್ರತಿ ಪಂಪ್‌ಸೆಟ್ಟಿಗಲ್ಲದಿದ್ದರೂ ಪ್ರತಿ ಟಿ.ಸಿ.ಗೆ ಮೀಟರ್ ಇಟ್ಟರೂ ಸಾಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರುಗಳನ್ನು ಮನೆಗಳ ಫೀಡರುಗಳಿಂದ ಬೇರ್ಪಡಿಸಿದ ಕಡೆ ಈ ಕೆಲಸ ಇನ್ನೂ ಸುಲಭ. ರೈತನಿಗೆ ಬಿಲ್ ಕೊಡುವುದಿಲ್ಲ ಎಂದು ಸರ್ಕಾರ ಲಿಖಿತವಾಗಿ ಹೇಳಲಿ, ಆದರೆ ಟಿ.ಸಿ.ವರೆಗೆ ಬಂದದ್ದು ಎಷ್ಟು, ದಾರಿಯಲ್ಲಿ ಹೋದದ್ದು ಎಷ್ಟು ಎಂಬ ಅಂಕಿಯನ್ನು ತಾಲ್ಲೂಕುವಾರು ವರ್ಷಕ್ಕೊಮ್ಮೆ ಪ್ರಕಟಿಸಲಿ. ಹಾಸನ ಜಿಲ್ಲೆಗೆ ವಿದ್ಯುತ್ ವಿತರಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಅರಸೀಕೆರೆಯಿಂದಲೇ ಇದನ್ನು ಆರಂಭಿಸಬಹುದು.

ಅಳತೆಯ ಶಿಸ್ತು

ಪ್ರಯೋಗಾಲಯಕ್ಕೂ ತೋಟಕ್ಕೂ ಅನ್ವಯಿಸುವ ಪಾಠ ಒಂದೇ. 2018ರ ಬೆಂಗಳೂರಿನ ವರದಿಯಲ್ಲಿ ಚರ್ಚೆಗೆ ಬಂದದ್ದು ಸಿದ್ಧಾಂತವಲ್ಲ, ಅಳತೆ. ಡಯಾಸ್ ಪ್ರಕರಣದಲ್ಲಿ ಕುಸಿದದ್ದೂ ಅಳತೆಯ ವಿಶ್ವಾಸಾರ್ಹತೆ. ಅರಸೀಕೆರೆಯ ಫೀಡರಿನಲ್ಲಿ ಕಾಣೆಯಾಗಿರುವುದೂ ಅದೇ. ಇತರರು ಮತ್ತೆ ಅಳೆದು ನೋಡಲಾಗದ ಅಂಕಿ, ಅದು ಎಷ್ಟೇ ಪ್ರತಿಷ್ಠಿತ ಸ್ಥಳದಿಂದ ಬಂದಿದ್ದರೂ, ಸಾರ್ವಜನಿಕ ಹಣ ಹೂಡಲು ಆಧಾರವಾಗಬಾರದು.

ಇದರಿಂದ ನೀತಿಗೆ ಸಂಬಂಧಿಸಿದಂತೆ ಎರಡು ಸಂಗತಿಗಳು ಹೊರಡುತ್ತವೆ. ಮೂಲವಿಜ್ಞಾನಕ್ಕೆ ಕೊಡುವ ಹಣವನ್ನು ಕಡಿತ ಮಾಡಲು ಹುಸಿಯಾದ ಘೋಷಣೆಗಳು ನೆಪವಾಗಕೂಡದು. 1987ರಲ್ಲಿ ಬೆಂಗಳೂರು ಸಿದ್ಧವಾಗಿದ್ದುದು ಅದಕ್ಕೆ ಹತ್ತು ವರ್ಷ ಮೊದಲೇ ಒಂದು ವಿಭಾಗವನ್ನು ಕಟ್ಟಿ, ಲಾಭದ ಖಾತರಿ ಇಲ್ಲದೆ ಆಕ್ಸೈಡುಗಳನ್ನು ಅಭ್ಯಸಿಸಿದ್ದರಿಂದ. ಆದರೆ ಹಣದ ಜೊತೆಗೆ ಒಂದು ಷರತ್ತೂ ಇರಲಿ: ಸಾರ್ವಜನಿಕ ಹಣದಲ್ಲಿ ದೊಡ್ಡ ಘೋಷಣೆ ಮಾಡುವವರು ಮೂಲ ದತ್ತಾಂಶವನ್ನೂ ವಸ್ತುವಿನ ಮಾದರಿಯನ್ನೂ ನಿಗದಿತ ಅವಧಿಯೊಳಗೆ ಕನಿಷ್ಠ ಎರಡು ಸ್ವತಂತ್ರ ಪ್ರಯೋಗಾಲಯಗಳಿಗೆ ಒಪ್ಪಿಸಬೇಕು. ಮತ್ತೊಬ್ಬರ ಫಲಿತಾಂಶವನ್ನು ಪರೀಕ್ಷಿಸುವ ಕೆಲಸಕ್ಕೂ ಅನುದಾನ ಮತ್ತು ಬಡ್ತಿಯಲ್ಲಿ ಮನ್ನಣೆ ಸಿಗಬೇಕು. ಇಂದು ಹೊಸದನ್ನು ಕಂಡೆನೆಂದವನಿಗೆ ಪ್ರಶಸ್ತಿಯಿದೆ. ಕಂಡದ್ದು ನಿಜವೇ ಎಂದು ವರ್ಷವಿಡೀ ಕುಳಿತು ನೋಡಿದವನಿಗೆ ಏನೂ ಇಲ್ಲ.

ಎರಡನೆಯದು, ವಿದ್ಯುತ್ ವಿತರಣೆಯ ಸುಧಾರಣೆಯನ್ನು ಯಾವುದೋ ಮುಂಬರುವ ತಂತ್ರಜ್ಞಾನದ ಹೆಸರಿನಲ್ಲಿ ಮುಂದೂಡುವಂತಿಲ್ಲ. ಸಾಮಾನ್ಯ ತಾಪಮಾನದ ಅತಿವಾಹಕ ಹತ್ತು ವರ್ಷಗಳಲ್ಲಿ ಬರಬಹುದು, ಐವತ್ತು ವರ್ಷಗಳಲ್ಲಿ ಬರಬಹುದು, ಬರದೆಯೂ ಇರಬಹುದು. ಬಂದ ದಿನ ಅದನ್ನು ಎಲ್ಲಿ ಹಾಕಿದರೆ ಲಾಭ, ಎಷ್ಟು ಬೆಲೆ ಕೊಡಬಹುದು ಎಂದು ತೀರ್ಮಾನಿಸಲು ನಮಗೆ ಬೇಕಾಗುವುದು ಇಂದು ಎಲ್ಲೆಲ್ಲಿ ಎಷ್ಟೆಷ್ಟು ನಷ್ಟವಾಗುತ್ತಿದೆ ಎಂಬ ಲೆಕ್ಕ. ಆ ಲೆಕ್ಕ ಇಲ್ಲದಿದ್ದರೆ ರೋಧವಿಲ್ಲದ ತಂತಿಯನ್ನೇ ಎಳೆದರೂ ಅದರಿಂದ ಉಳಿದದ್ದೆಷ್ಟು ಎಂದು ಹೇಳಲು ಸಾಧ್ಯವಾಗದು. ತಂತಿ ತಯಾರಾಗಲು ವಿಜ್ಞಾನಿಗಳು ಇನ್ನೂ ಸಮಯ ಕೇಳುತ್ತಿದ್ದಾರೆ, ಅದನ್ನು ಕೊಡೋಣ. ಟಿ.ಸಿ.ಗೆ ಮೀಟರ್ ಕೂರಿಸಲು ನಮ್ಮ ಇಲಾಖೆಗಳು ಸಮಯ ಕೇಳುವುದಕ್ಕೆ ಅಂಥ ಯಾವ ಕಾರಣವೂ ಇಲ್ಲ.